ಕೆಟ್ಟ ಕೋನಕ್ಕೆ ಬೇಕಾದ ಗುಂಡು

ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಶಿಕಾರಿ ಕತೆಗಳನ್ನು ಓದಿ ಬೆಳೆದವರಿಗೆ .405 ವಿಂಚೆಸ್ಟರ್ ಹೊಸ ಹೆಸರಲ್ಲ. ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಅಧ್ಯಕ್ಷಗಿರಿ ಮುಗಿಸಿ ಪೂರ್ವ ಆಫ್ರಿಕಕ್ಕೆ ಹೊರಟಾಗ ಒಯ್ದದ್ದೂ ಅದೇ ರೈಫಲನ್ನು. ಸಿಂಹಕ್ಕೆ ಇದೇ ಸರಿಯಾದ ಮದ್ದು ಎಂದು ಅದನ್ನು ಮೆಚ್ಚಿಕೊಂಡ. ಆನೆಯ ಸರದಿ ಬಂದಾಗ ಮಾತ್ರ ಅವನು ಕೈಗೆತ್ತಿಕೊಂಡದ್ದು ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿಯ ಜೋಡುನಳಿಗೆಯನ್ನು. ಮೂರು ವರ್ಷ ಕಳೆದು, 1912ರಲ್ಲಿ, ಅದೇ ಕಂಪನಿ .375 ಮ್ಯಾಗ್ನಂ ತೋಟಾವನ್ನು ಹೊರತಂದಿತು.

.405ರ ಗುಂಡಿನ ತೂಕ 300 ಗ್ರೇನ್. .375ರ ಮುಖ್ಯ ಗುಂಡೂ 300 ಗ್ರೇನ್, ಅಂದರೆ ಹತ್ತೊಂಬತ್ತೂವರೆ ಗ್ರಾಂ ಹತ್ತಿರ. ತೂಕ ಒಂದೇ ಆದರೂ ಮೊದಲನೆಯದು .411 ಇಂಚು ದಪ್ಪ, ಎರಡನೆಯದು .375 ಇಂಚು. ಅದೇ ಸೀಸವನ್ನು ಸಣ್ಣ ಕೊಳವೆಗೆ ಸುರಿದರೆ ಗುಂಡು ಉದ್ದವಾಗಲೇಬೇಕು. ದಪ್ಪಕ್ಕೂ ತೂಕಕ್ಕೂ ಇರುವ ಈ ನಂಟನ್ನು ಬಲ್ಲವರು ಸೆಕ್ಷನಲ್ ಡೆನ್ಸಿಟಿ ಎಂದು ಲೆಕ್ಕ ಹಾಕುತ್ತಾರೆ. .405ಕ್ಕೆ ಅದು .254, .375ಕ್ಕೆ .305. ಹುಲಿ ಚಿರತೆಗಳ ತೆಳು ಚರ್ಮ, ಸಣ್ಣ ಎಲುಬಿಗೆ ಮೊದಲನೆಯದು ಧಾರಾಳವಾಗಿ ಸಾಕು, ಆಂಡರ್ಸನ್‌ಗೆ ಸಾಕಾಗಿತ್ತು. ಆಫ್ರಿಕದ ಕಾಡೆಮ್ಮೆಯ ಹೆಗಲು ಬೇರೆಯೇ ಮಾತು.

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಈ ಮಾತೆಲ್ಲ ಪುಸ್ತಕದ ಮಾತು. .375ರ ತೋಟಾಕ್ಕೆ ಇವತ್ತು ಕೆಲಸವಿರುವುದು ಟಾಂಜಾನಿಯಾ, ಜಿಂಬಾಬ್ವೆಗಳ ಪೊದೆಗಾಡಿನಲ್ಲಿ, ಅಲಾಸ್ಕಾದ ಕಂದು ಕರಡಿಯ ಹಾದಿಯಲ್ಲಿ. ಅಲ್ಲಿಗೆ ಹೋಗುವವರು ರೈಫಲ್ ಆರಿಸಲು ಆರು ತಿಂಗಳು ಕಳೆಯುತ್ತಾರೆ, ಗುಂಡನ್ನು ಅಂಗಡಿಯ ಗಲ್ಲೆಯ ಮುಂದೆ ನಿಂತು ಐದು ನಿಮಿಷದಲ್ಲಿ ಆರಿಸುತ್ತಾರೆ. ನನಗೆ ಇದು ತಲೆಕೆಳಗಾದ ಕೆಲಸ ಅನ್ನಿಸುತ್ತದೆ. ಪ್ರಾಣಿಯನ್ನು ಮುಟ್ಟುವುದು ರೈಫಲ್ ಅಲ್ಲ.

.375ರ ತೋಟಾವನ್ನು ಕೈಯಲ್ಲಿ ಹಿಡಿದು ನೋಡಿದರೆ ಅದರ ಮೈಕಟ್ಟು ಈಗಿನವುಗಳಂತಿಲ್ಲ. ಎಪ್ಪತ್ತೆರಡು ಮಿಲಿಮೀಟರ್ ಉದ್ದದ ಹಿತ್ತಾಳೆ ಕೋಶ ಬುಡದಿಂದ ಮೇಲಕ್ಕೆ ಸಣ್ಣಗಾಗುತ್ತ ಹೋಗುತ್ತದೆ. ಭುಜ ಇದೆಯೋ ಇಲ್ಲವೋ ಅನ್ನುವಷ್ಟು ಇಳಿಜಾರು. ಇದಕ್ಕೆ ಕಾರಣ ಆ ಕಾಲದ ಕಾರ್ಡೈಟ್ ಮದ್ದು. ಅದು ಪುಡಿಯಲ್ಲ, ಶ್ಯಾವಿಗೆಯಂತೆ ಉದ್ದುದ್ದ ಎಳೆ. ಊಟಿಯ ಪುಟಾಣಿ ರೈಲಿನಲ್ಲಿ ಕೂನೂರು ದಾಟಿದ ಮೇಲೆ ಸಿಗುವ ಅರವಂಕಾಡಿನಲ್ಲಿ ಬ್ರಿಟಿಷರು ಕಾರ್ಖಾನೆ ಕಟ್ಟಿದ್ದು ಇದೇ ಮದ್ದು ಮಾಡಲು. ಕಾರ್ಡೈಟಿಗೆ ಸೆಖೆ ಆಗದು. ಲಂಡನ್ನಿನ ಚಳಿಯಲ್ಲಿ ಸಭ್ಯವಾಗಿ ಉರಿಯುವುದು ಭಾರತದ, ಆಫ್ರಿಕದ ಬಿಸಿಲಲ್ಲಿ ಕೆರಳಿ ಒತ್ತಡ ಏರಿಸುತ್ತದೆ. ಖಾಲಿ ಕೋಶ ನಳಿಗೆಯ ಗೂಡಿಗೆ ಕಚ್ಚಿಕೊಂಡು ಹೊರಬರುವುದಿಲ್ಲ. ಗಾಯಗೊಂಡ ಕಾಡೆಮ್ಮೆ ಎದುರಿಗಿರುವಾಗ ಹೀಗಾದರೆ ಗತಿ? ಅದಕ್ಕೇ ಹಾಲೆಂಡ್‌ನವರು ಕೋಶಕ್ಕೆ ಅಷ್ಟು ಓರೆ ಕೊಟ್ಟರು, ಒತ್ತಡವನ್ನೂ ಹದದಲ್ಲಿಟ್ಟರು. ಭುಜ ಅಷ್ಟು ಜಾರುವಂತಿದ್ದಾಗ ತೋಟಾ ಗೂಡಿನಲ್ಲಿ ಎಷ್ಟು ಒಳಕ್ಕೆ ಹೋಗಿ ನಿಲ್ಲಬೇಕು ಎಂಬುದಕ್ಕೆ ಬೇರೊಂದು ತಡೆ ಬೇಕಲ್ಲ? ಬುಡದ ಸುತ್ತ ಹಿತ್ತಾಳೆಯ ಪಟ್ಟಿ ಬಂದದ್ದು ಅದಕ್ಕೆ. ಆಮೇಲೆ ಅಮೆರಿಕದವರು 1962ರ 7 ಎಂಎಂ ರೆಮಿಂಗ್ಟನ್, 1963ರ .300 ವಿಂಚೆಸ್ಟರ್‌ಗಳಿಗೆಲ್ಲ ಅದೇ ಪಟ್ಟಿ ತೊಡಿಸಿದರು. ಪಟ್ಟಿ ಇದ್ದರೆ ಮ್ಯಾಗ್ನಂ, ಮ್ಯಾಗ್ನಂ ಅಂದರೆ ಗಟ್ಟಿ ಎಂಬ ನಂಬಿಕೆ ಹಾಗೆ ಹುಟ್ಟಿತು. ಪಟ್ಟಿಯಿಂದ ಕೋಶಕ್ಕೆ ಒಂದು ಗುಲಗಂಜಿಯಷ್ಟೂ ಬಲ ಬರುವುದಿಲ್ಲ.

ಇಂಗ್ಲೆಂಡಿನ ಕೈನಾಕ್ ಕಂಪನಿ 1960ರ ದಶಕದಲ್ಲಿ ದೊಡ್ಡ ಬೇಟೆಯ ತೋಟಾಗಳಿಂದ ಕೈತೊಳೆದುಕೊಂಡಾಗ ಎಷ್ಟೋ ಒಳ್ಳೊಳ್ಳೆಯ ಜೋಡುನಳಿಗೆಗಳು ಗೋಡೆಯ ಅಲಂಕಾರವಾದವು. .375 ಬದುಕಿಕೊಂಡಿತು. 1937ರಿಂದಲೇ ವಿಂಚೆಸ್ಟರ್‌ನವರು ತಮ್ಮ ಮಾಡೆಲ್ 70 ರೈಫಲನ್ನು ಅದಕ್ಕೆ ಕೊರೆದು ಮಾರುತ್ತಿದ್ದರು, ತೋಟಾವನ್ನೂ ತುಂಬುತ್ತಿದ್ದರು.

ಹುಟ್ಟಿದಾಗ ಅದಕ್ಕೆ ಮೂರು ತೂಕದ ಗುಂಡುಗಳಿದ್ದವು: 235, 270, 300 ಗ್ರೇನ್. ಮೂರೂ ನೂರು ಗಜದಲ್ಲಿ ಒಂದೇ ಕಡೆ ಹೋಗಿ ಬೀಳುತ್ತವೆ ಎಂಬುದು ಈ ತೋಟಾದ ಬಗ್ಗೆ ಹಬ್ಬಿರುವ ದೊಡ್ಡ ಕೀರ್ತಿ. ಕೆಲವು ರೈಫಲುಗಳಲ್ಲಿ ನಿಜ. ಕೆಲವುಗಳಲ್ಲಿ ಅಂಗೈಯಗಲ ವ್ಯತ್ಯಾಸ ಬರುತ್ತದೆ. ಕೀರ್ತಿಯನ್ನು ನಂಬಿ ಬೇಟೆಗೆ ಹೋಗಬಾರದು, ಹಲಗೆಗೆ ಹೊಡೆದು ನೋಡಿ ಹೋಗಬೇಕು. ಅದಕ್ಕಿಂತ ನನಗೆ ಕುತೂಹಲದ್ದು ಇನ್ನೊಂದು ಲೆಕ್ಕ. 270 ಗ್ರೇನಿನ ಗುಂಡು ನಳಿಗೆಯಿಂದ ಹೊರಡುವುದು ಸೆಕೆಂಡಿಗೆ ಸುಮಾರು 820 ಮೀಟರ್ ವೇಗದಲ್ಲಿ. ಜಗತ್ತಿನ ಬೇಟೆಗಾರರೆಲ್ಲ ಕಣ್ಣುಮುಚ್ಚಿ ನಂಬುವ .30-06ರ 180 ಗ್ರೇನ್ ಗುಂಡಿನ ವೇಗವೂ ಅಷ್ಟೇ. ಗುಂಡು ಹಾರುವ ಬಿಲ್ಲುಗೆರೆಯೂ ಹೆಚ್ಚುಕಮ್ಮಿ ಒಂದೇ. .30-06ರಲ್ಲಿ ಕೈ ಪಳಗಿದವನು .375 ಹಿಡಿದು ದೂರದ ಲೆಕ್ಕವನ್ನು ಹೊಸದಾಗಿ ಕಲಿಯಬೇಕಿಲ್ಲ. ಹೆಗಲು ಮಾತ್ರ ಕಲಿಯಬೇಕು. ಒದೆತ ಎರಡು ಪಟ್ಟು.

235 ಗ್ರೇನಿನದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಭ್ಯಾಸಕ್ಕೆ ಸರಿ, ಜಿಂಕೆಗೆ ಸರಿ. ಆದರೆ ಜಿಂಕೆಗೆ ಇಷ್ಟು ದೊಡ್ಡ ರೈಫಲ್ ಯಾಕೆ ಹೊರಬೇಕು? ಪ್ರಶ್ನೆ ಇರುವುದು 270ಕ್ಕೂ 300ಕ್ಕೂ ನಡುವೆ. ಉತ್ತರ ತೂಕದಲ್ಲಿಲ್ಲ, ಗುಂಡಿನ ಹೊಟ್ಟೆಯೊಳಗಿದೆ.

ಜಾನ್ ನಾಸ್ಲರ್ ಎಂಬ ಅಮೆರಿಕದ ಲಾರಿ ಸಾಗಣೆಯ ಉದ್ಯಮಿ 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯದಲ್ಲಿ ಮೂಸ್ ಬೇಟೆಗೆ ಹೋಗಿದ್ದ. ಕೈಯಲ್ಲಿದ್ದದ್ದು .300 ಹಾಲೆಂಡ್ ಮ್ಯಾಗ್ನಂ, ಅಂದರೆ 1925ರಲ್ಲಿ .375ರದೇ ಕೋಶದ ಕುತ್ತಿಗೆ ಕಿರಿದಾಗಿಸಿ ಮಾಡಿದ ತಮ್ಮ. ಒಣಗಿದ ಕೆಸರು ಮೆತ್ತಿದ ಭಾರಿ ಮೂಸ್ ಹತ್ತಿರದಲ್ಲೇ ನಿಂತಿತ್ತು. ಅವನ ಗುಂಡುಗಳು ಹೆಗಲಿಗೆ ತಗುಲಿದವು, ಅಲ್ಲೇ ಚೂರುಚೂರಾದವು, ಒಳಕ್ಕೆ ಹೋಗಲಿಲ್ಲ. ಮನೆಗೆ ಬಂದು ಅವನು ಹೊಸ ಬಗೆಯ ಗುಂಡು ಕಡೆದ. 1948ರಲ್ಲಿ ಕಂಪನಿಯನ್ನೇ ತೆರೆದ. ಆ ಪಾರ್ಟಿಷನ್ ಗುಂಡನ್ನು ಉದ್ದಕ್ಕೆ ಸೀಳಿ, ಕಡಿದ ಮೈಯನ್ನು ಉಜ್ಜಿ ನಯಮಾಡಿ ಬೆಳಕಿಗೆ ಹಿಡಿದರೆ ಗುಟ್ಟು ತಾನಾಗಿ ಕಾಣುತ್ತದೆ. ಹೊರಗೆ ಕೆಂಪನೆಯ ತಾಮ್ರದ ಕವಚ. ಒಳಗೆ ಸೀಸ, ಆದರೆ ಒಂದೇ ಮುದ್ದೆಯಲ್ಲ. ನಡುವೆ ಅಡ್ಡಲಾಗಿ ಅದೇ ತಾಮ್ರದ ಗೋಡೆ. ಇಂಗ್ಲಿಷಿನ ಎಚ್ ಅಕ್ಷರ ಬರೆದು ಮೇಲಿನ, ಕೆಳಗಿನ ಕೋಣೆಗಳಿಗೆ ಸೀಸ ತುಂಬಿದ ಆಕಾರ. ಕವಚ ಮೂತಿಯ ಕಡೆಗೆ ತೆಳ್ಳಗಾಗುತ್ತ ಹೋಗಿ ತುದಿಯಲ್ಲಿ ಕಾಗದದಷ್ಟಾಗುತ್ತದೆ. ಗೋಡೆಯ ಹತ್ತಿರ ದಪ್ಪ. ಗುಂಡು ಮಾಂಸ ಹೊಕ್ಕಾಗ ಮುಂದಿನ ಕೋಣೆ ಒಡೆದು ಅರಳುತ್ತದೆ, ಎಲುಬು ಸಿಕ್ಕರೆ ಚೆದುರಿಯೂ ಹೋಗುತ್ತದೆ. ಅರಳುವಿಕೆ ಗೋಡೆಯವರೆಗೆ ಬಂದು ನಿಲ್ಲುತ್ತದೆ. ಹಿಂದಿನ ಅರ್ಧ ಇಡಿಯಾಗಿ ಉಳಿದು ಮುಂದಕ್ಕೆ ನುಗ್ಗುತ್ತದೆ. ಹೊರಟ ತೂಕದ ಮೂರರಲ್ಲಿ ಎರಡು ಪಾಲು ಉಳಿದರೆ ಪಾರ್ಟಿಷನ್ ತನ್ನ ಕೆಲಸ ಮಾಡಿದೆ ಎಂದೇ ಲೆಕ್ಕ.

ಇದೇ ಕಸುಬನ್ನು ಸ್ವಿಫ್ಟ್ ಕಂಪನಿಯ ಎ-ಫ್ರೇಮ್ ಇನ್ನೊಂದು ಹೆಜ್ಜೆ ಮುಂದೆ ಒಯ್ದಿತು. ಗೋಡೆಯೂ ಉಂಟು, ಮುಂದಿನ ಸೀಸವನ್ನು ಕವಚಕ್ಕೆ ಬೆಸೆದಿರುವುದೂ ಉಂಟು. ಹಾಗಾಗಿ ಚೆದುರುವುದು ಕಡಿಮೆ. ಆಸ್ಟ್ರೇಲಿಯಾದ ವುಡ್‌ಲೀ ಹಳೆಯ ಬ್ರಿಟಿಷ್ ಮಾದರಿಯ ದುಂಡುಮೂತಿಯನ್ನೇ ಇಟ್ಟುಕೊಂಡು ಒಳಗೆ ಬೆಸುಗೆ ಹಾಕಿತು. ರ‍್ಯಾಂಡಿ ಬ್ರೂಕ್ಸ್ ಬೇರೆ ದಾರಿ ಹಿಡಿದ. ಸೀಸದ ಗೊಡವೆಯೇ ಬೇಡವೆಂದು 1989ರಲ್ಲಿ ಬಾರ್ನ್ಸ್ ಹೆಸರಿನಲ್ಲಿ ಇಡೀ ತಾಮ್ರದ ಎಕ್ಸ್ ಗುಂಡು ತಂದ. ಮೂತಿಯ ಕುಳಿ ಬಿಚ್ಚಿಕೊಂಡು ನಾಲ್ಕು ದಳ ಹಿಂದಕ್ಕೆ ಬಾಗುತ್ತವೆ, ತೂಕ ಹೆಚ್ಚೂಕಡಿಮೆ ಪೂರ್ತಿ ಉಳಿಯುತ್ತದೆ. ಮೊದಮೊದಲು ನಳಿಗೆಗೆ ತಾಮ್ರ ಬಳಿಯುತ್ತದೆ ಎಂಬ ದೂರು ಬಂತು. ಮೈಮೇಲೆ ಗೆರೆ ಕೊರೆದ ಟಿಎಸ್‌ಎಕ್ಸ್ ಬಂದ ಮೇಲೆ ಆ ದೂರು ಬಹುಮಟ್ಟಿಗೆ ತಗ್ಗಿತು.

ತಾಮ್ರ ಸೀಸಕ್ಕಿಂತ ಹಗುರ. 300 ಗ್ರೇನಿನ ತಾಮ್ರದ ಗುಂಡು ಅಷ್ಟೇ ತೂಕದ ಸೀಸದ ಗುಂಡಿಗಿಂತ ಉದ್ದ; ಕೋಶದೊಳಕ್ಕೆ ಇಳಿದು ಮದ್ದಿನ ಜಾಗ ತಿನ್ನುತ್ತದೆ. ಆದ್ದರಿಂದ ತಾಮ್ರಕ್ಕೆ ಹೋಗುವವರು ಒಂದು ಮೆಟ್ಟಿಲು ಇಳಿಯುವುದು ಜಾಣತನ. 270 ಗ್ರೇನಿನ ಟಿಎಸ್‌ಎಕ್ಸ್ ತೂಕ ಕಳೆದುಕೊಳ್ಳದ ಕಾರಣ 300 ಗ್ರೇನಿನ ಸೀಸದ ಗುಂಡಿನ ಕೆಲಸವನ್ನು ಮಾಡಿ ಮುಗಿಸುತ್ತದೆ. ಸೀಸದ ಗುಂಡೇ ಇಷ್ಟ ಎನ್ನುವವರು 300ಕ್ಕಿಂತ ಕೆಳಗೆ ಇಳಿಯಬಾರದು. ಇಷ್ಟೇ ನನ್ನ ತೀರ್ಪು. ಇವೆರಡರಲ್ಲಿ ಯಾವುದು ನಿಮ್ಮ ರೈಫಲಿಗೆ ಒಗ್ಗುತ್ತದೋ ಅದನ್ನು ಇಟ್ಟುಕೊಳ್ಳಿ.

ಇಷ್ಟೊಂದು ಬಿಗಿ ಯಾಕೆ, ಎಂಬತ್ತು ಗಜದಲ್ಲಿ ಅಡ್ಡಲಾಗಿ ನಿಂತ ಕಾಡೆಮ್ಮೆಯ ಹೆಗಲ ಹಿಂದೆ ಸಾಮಾನ್ಯ ಗುಂಡು ಇಟ್ಟರೂ ಬೀಳುತ್ತದಲ್ಲ ಎನ್ನುವವರಿದ್ದಾರೆ. ಬೀಳುತ್ತದೆ. ಆ ಮೊದಲ ಈಡು ಯಾವ ಗುಂಡಿಗೂ ಪರೀಕ್ಷೆಯಲ್ಲ. ಪರೀಕ್ಷೆ ಎರಡನೆಯದರಲ್ಲಿ. ಮೊದಲನೆಯದು ನಾಲ್ಕು ಬೆರಳು ಆಚೆಗೆ ಹೋಗಿದೆ, ಏಳುನೂರು ಕೆಜಿಯ ಪ್ರಾಣಿ ತಿರುಗಿ ಓರೆಯಾಗಿ ಪೊದೆಯ ಕಡೆ ಓಡುತ್ತಿದೆ, ಬೇಟೆಗಾರನಿಗೆ ಕಾಣುವುದು ಅದರ ಎಡ ತೊಡೆ ಮತ್ತು ಪಕ್ಕೆಯ ಕೊನೆ. ಅಲ್ಲಿಂದ ಎದೆಗೂಡಿಗೆ ದಾರಿ ಹೊಟ್ಟೆಯೊಳಗಿನಿಂದ. ಮೆಲುಕು ಹಾಕುವ ಪ್ರಾಣಿಯ ಎಡಭಾಗದ ತುಂಬ ಹಸಿ ಹುಲ್ಲಿನ ಚೀಲ. ಒದ್ದೆ ಹುಲ್ಲಿನಷ್ಟು ಚೆನ್ನಾಗಿ ಗುಂಡನ್ನು ನುಂಗುವ ವಸ್ತು ಕಾಡಿನಲ್ಲಿ ಕಡಿಮೆ. ಬೇಗ ಅರಳುವ ಗುಂಡು ಅಲ್ಲೇ ಹೂತುಹೋಗುತ್ತದೆ. ಗುಂಡು ಕೊಳ್ಳುವಾಗ ಕಣ್ಣ ಮುಂದೆ ಇರಬೇಕಾದದ್ದು ಈ ಕೆಟ್ಟ ಕೋನ. ಗಾಯಗೊಂಡ ಪ್ರಾಣಿಯನ್ನು ಪೊದೆಯಲ್ಲಿ ಬಿಟ್ಟು ಬರುವ ಹಕ್ಕು ಬೇಟೆಗಾರನಿಗಿಲ್ಲ ಎಂದು ಒಪ್ಪಿದ ಮೇಲೆ ಬೇರೆ ಆಯ್ಕೆಯೂ ಇಲ್ಲ.

ಆನೆಗೆ ಅರಳುವ ಗುಂಡೇ ಬೇಡ, ಅರಳದ ಸಾಲಿಡ್ ಬೇಕು. ಕರಾಮೋಜೋ ಬೆಲ್ ಎಂದೇ ಹೆಸರಾದ ಸ್ಕಾಟ್ಲೆಂಡಿನ ದಂತಬೇಟೆಗಾರ ತಾನು ಕೊಂದ ಸಾವಿರಕ್ಕೂ ಹೆಚ್ಚು ಆನೆಗಳಲ್ಲಿ ಬಹುಪಾಲನ್ನು ಬೀಳಿಸಿದ್ದು ನಮ್ಮ ಕಿರುಬೆರಳಿಗಿಂತ ಸಣ್ಣ 7 ಎಂಎಂ ಸಾಲಿಡ್‌ಗಳಿಂದ. ಗುಂಡು ಡೊಂಕಾಗದೆ ನೇರ ಹೋದರೆ ಎಷ್ಟು ಸಾಧ್ಯ ಎಂಬುದಕ್ಕೆ ಅದು ಸಾಕ್ಷಿ. ಹಾಗೆ ಹೊಡೆಯಲು ಬೆಲ್‌ನ ಕಣ್ಣು ಕೈ ಬೇಕು ಎಂಬುದಕ್ಕೂ. ಈಗ ಆಫ್ರಿಕದ ಹಲವು ದೇಶಗಳ ಕಾನೂನು ಇಂಥ ಪ್ರಾಣಿಗಳಿಗೆ .375ಕ್ಕಿಂತ ಸಣ್ಣದನ್ನು ಒಪ್ಪುವುದಿಲ್ಲ. ಹಳೆಯ ಸಾಲಿಡ್‌ಗಳಿಗೆ ದುಂಡು ಮೂತಿ, ಈಗಿನವಕ್ಕೆ ಚಪ್ಪಟೆ. ಚಪ್ಪಟೆ ಮೂತಿ ಮಾಂಸದಲ್ಲಿ ದಾರಿ ತಪ್ಪುವುದು ಕಡಿಮೆ. ಕಾಡೆಮ್ಮೆಯ ಹಿಂಡಿನಲ್ಲಿ ಮಾತ್ರ ಮೊದಲ ಈಡಿಗೇ ಸಾಲಿಡ್ ಹಾಕುವುದು ಅವಿವೇಕ. ಒಂದನ್ನು ತೂರಿ ಹಿಂದಿನ ಇನ್ನೊಂದನ್ನು ಗಾಯಗೊಳಿಸುತ್ತದೆ.

ಇನ್ನು ಮದ್ದು. ತೋಟಾ ತಾವೇ ತುಂಬುವವರಿಗೆ ಕೊನೆಯ ಹತ್ತು ಮೀಟರ್ ವೇಗದ ಮೇಲೆ ಆಸೆ ಜಾಸ್ತಿ. 300 ಗ್ರೇನಿಗೆ ಸೆಕೆಂಡಿಗೆ 770 ಮೀಟರ್ ಎಂಬುದು ಹಳೆಯ ಹದ, ಅದನ್ನು ಮೀರಿಸುವ ಅಗತ್ಯ ನನಗೆ ಕಾಣುವುದಿಲ್ಲ. ವೇಗವೇ ಬೇಕಾದವರಿಗೆ 1953ರಿಂದಲೇ .378 ವೆದರ್‌ಬಿ ಇದೆ. ಅದೇ ಗುಂಡನ್ನು ಸೆಕೆಂಡಿಗೆ ಇನ್ನೂ ನೂರು ಮೀಟರಿಗೂ ಹೆಚ್ಚು ವೇಗದಲ್ಲಿ ಎಸೆದು ಆ ಕಾಲದ ಮೃದು ಗುಂಡುಗಳನ್ನು ಚಿಂದಿ ಮಾಡಿದ ಖ್ಯಾತಿಯೂ ಅದಕ್ಕಿದೆ. .375ಕ್ಕೆ ಮಧ್ಯಮ ಗತಿಯಲ್ಲಿ ಉರಿಯುವ ವಾರ್ಗೆಟ್, 4350ರಂಥ ಮದ್ದುಗಳು ಹೊಂದುತ್ತವೆ. ಎಷ್ಟು ಗ್ರೇನ್ ಎಂಬುದನ್ನು ಅಂಕಣ ನೋಡಿ ತುಂಬಬಾರದು. ಗುಂಡಿನ ಕಂಪನಿಯೂ ಮದ್ದಿನ ಕಂಪನಿಯೂ ಕೈಪಿಡಿ ಅಚ್ಚು ಹಾಕುವುದು ಅದಕ್ಕೇ, ಅದರಲ್ಲೂ ಕೆಳಗಿನ ಅಂಕಿಯಿಂದ ಶುರು ಮಾಡಬೇಕು. ಸೆಖೆಗೆ ಹೆಚ್ಚು ಕೆರಳದ ಮದ್ದನ್ನೇ ಆರಿಸುವುದು ಒಳ್ಳೆಯದು. ಹಿಮದ ನಾಡಿನಲ್ಲಿ ತುಂಬಿ, ನೆರಳಿಲ್ಲದ ಜೀಪಿನ ಮೇಲೆ ನಲವತ್ತು ಡಿಗ್ರಿಯಲ್ಲಿ ಇಡೀ ದಿನ ಕಾಯಿಸಿ ಹೊಡೆಯುವ ತೋಟಾ ಇದು; ಕಾರ್ಡೈಟ್ ಹೋದರೂ ಬಿಸಿಲು ಹೋಗಿಲ್ಲ.

ಹಿತ್ತಾಳೆ ಕೋಶವನ್ನು ಮತ್ತೆ ಬಳಸುವಾಗ ಆ ಪಟ್ಟಿಯದೇ ಉಪದ್ರವ. ತೋಟಾ ಪಟ್ಟಿಯ ಆಸರೆಯಲ್ಲಿ ನಿಂತರೆ ಭುಜದ ಮುಂದೆ ಜಾಗ ಖಾಲಿ ಉಳಿಯುತ್ತದೆ. ಪ್ರತಿ ಈಡಿಗೂ ಕೋಶ ಮುಂದಕ್ಕೆ ಹಿಗ್ಗಿ, ಪಟ್ಟಿಯ ಸ್ವಲ್ಪ ಮೇಲೆ ತೆಳುವಾಗುತ್ತದೆ. ಹೊರಗಿನಿಂದ ಅಲ್ಲೊಂದು ಹೊಳೆಯುವ ಉಂಗುರ ಕಂಡರೆ ಎಚ್ಚರಾಗಬೇಕು. ಕಾಗದಕ್ಕೆ ಹಾಕುವ ಕ್ಲಿಪ್ಪನ್ನು ನೆಟ್ಟಗೆ ಮಾಡಿ, ತುದಿಯನ್ನು ಚೂರು ಮಡಚಿ, ಕೋಶದ ಒಳಗೋಡೆಯ ಮೇಲೆ ಬುಡದಿಂದ ಮೇಲಕ್ಕೆ ಎಳೆದು ನೋಡಿ. ಎಲ್ಲಾದರೂ ತಂತಿ ಸಣ್ಣ ಗೀರಿಗೆ ತಡೆದು ನಿಂತಂತಾದರೆ ಆ ಕೋಶ ಗುಜರಿಗೆ. ಕೋಶವನ್ನು ಮರಳಿ ಅಳತೆಗೆ ತರುವಾಗ ಭುಜವನ್ನು ಬೇಕಾದ್ದಕ್ಕಿಂತ ಹಿಂದಕ್ಕೆ ತಳ್ಳದಿದ್ದರೆ ಅದು ಭುಜದ ಮೇಲೇ ನಿಲ್ಲುತ್ತದೆ, ಆಯುಷ್ಯ ಹೆಚ್ಚುತ್ತದೆ. ಗುಂಡಿನ ಮೈಮೇಲಿನ ಗೆರೆಗೆ ಕೋಶದ ಬಾಯಿಯನ್ನು ಬಿಗಿಯಾಗಿ ಮಡಚುವುದನ್ನೂ ಬಿಡಬಾರದು. ಇಷ್ಟು ಒದೆಯುವ ರೈಫಲಿನಲ್ಲಿ ಮೊದಲ ಈಡು ಹೊಡೆದಾಗ ಮ್ಯಾಗಜಿನ್ನಿನಲ್ಲಿರುವ ತೋಟಾಗಳ ಮೂತಿ ಗೋಡೆಗೆ ಬಡಿದು ಗುಂಡು ಒಳಕ್ಕೆ ಜಾರುತ್ತದೆ.

ಚಪ್ಪಟೆ ಮೂತಿಯ ಸಾಲಿಡ್ ಕೊಂಡವರು ಮನೆಯಿಂದ ಹೊರಡುವ ಮೊದಲೇ, ಗುಂಡು ಹಾರಿಸುವ ಮೈದಾನದಲ್ಲಿ, ನಳಿಗೆಯನ್ನು ಮಣ್ಣಿನ ದಿಬ್ಬದ ಕಡೆ ಹಿಡಿದು, ಮ್ಯಾಗಜಿನ್ ತುಂಬಿ ಬೋಲ್ಟನ್ನು ಎಳೆದು ತಳ್ಳಿ ನೋಡಬೇಕು. ನಿಧಾನವಾಗಿ ಅಲ್ಲ, ಹೆದರಿದವನು ಎಳೆಯುವಷ್ಟು ಜೋರಾಗಿ. ಮೂತಿ ಗೂಡಿನ ಅಂಚಿಗೆ ಒಮ್ಮೆ ತಗುಲಿ ನಿಂತರೂ ಆ ಗುಂಡು ಬೇಡ. ದುಂಡುಮೂತಿಯದನ್ನು ತರಿಸಿ, ಇಲ್ಲವೇ ರೈಫಲನ್ನು ಬಂದೂಕಿನ ಕಸುಬು ಬಲ್ಲ ಕಮ್ಮಾರನ ಕೈಗೆ ಕೊಟ್ಟು ದಾರಿ ನಯಮಾಡಿಸಿ.