ಕೇಳಿದ್ದು ಗೇಣು, ಉತ್ತರ ಮಾರು

ಸಂಘದ ಯಾವ ಸಮಾರಂಭಕ್ಕೆ ಹೋದರೂ, ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗ, ನಮ್ಮಂಥ ವೈದ್ಯರ ಕೈಗೆ ಒಂದು ಕಾಗದದ ಕಂತೆ ಬಂದೇ ಬರುತ್ತದೆ. "ಡಾಕ್ಟ್ರೇ, ಅಮ್ಮನದು. ಹಾರ್ಟಿನ ಡಾಕ್ಟರು ಬರೆದು ಕಳಿಸಿದ್ದಾರೆ. ಏನು ಹೇಳಿದ್ದಾರೆ ಸ್ವಲ್ಪ ನೋಡಿ." ಕೇಳುವವರು ಓದುಬರಹ ಬಾರದವರಲ್ಲ. ಕೆಲವರು ಎಂಜಿನಿಯರುಗಳು, ಕೆಲವರು ವಾಲ್ ಸ್ಟ್ರೀಟಿನ ಲೆಕ್ಕಪತ್ರಗಳನ್ನು ಅರೆದು ಕುಡಿದವರು. ಆದರೂ ಹನ್ನೊಂದು ಪುಟ ಓದಿದ ಮೇಲೂ ವೈದ್ಯರು ಏನು ಹೇಳಿದರೆಂದು ಅವರಿಗೆ ತಿಳಿದಿರುವುದಿಲ್ಲ. ನಿಜ ಹೇಳಬೇಕೆಂದರೆ, ಅನೇಕ ಸಲ ವೈದ್ಯರು ಏನನ್ನೂ ಹೇಳಿರುವುದೇ ಇಲ್ಲ. ನಮ್ಮ ಟೀಕೆ ಆ ಹನ್ನೊಂದು ಪುಟಗಳ ಮೇಲೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಇದು ಯಾರೊಬ್ಬರ ಕಥೆಯೂ ಅಲ್ಲ, ಅನೇಕರ ಕಥೆ. ಊರಿನಿಂದ ಬಂದಿರುವ ಎಪ್ಪತ್ತೆರಡು ವರ್ಷದ ತಾಯಿ. ಹೃದಯದ ಬಡಿತ ತಾಳ ತಪ್ಪುವ ಕಾಯಿಲೆ ಇದೆ. ಅದಕ್ಕಾಗಿ ರಕ್ತ ಹೆಪ್ಪುಗಟ್ಟದಂತೆ ದಿನವೂ ಮಾತ್ರೆ ತೆಗೆದುಕೊಳ್ಳುತ್ತಾರೆ. ಈಗ ಕರುಳಿನಲ್ಲಿ ಒಂದು ಸಣ್ಣ ಗಂಟು ಕಂಡಿದೆ, ಕೊಲೊನೋಸ್ಕೋಪಿ ಮಾಡಿ ತೆಗೆಯಬೇಕು. ಕರುಳಿನ ವೈದ್ಯರು ಹೃದಯದ ವೈದ್ಯರಿಗೆ ಬರೆಯುತ್ತಾರೆ: ಈ ಮಾತ್ರೆಯನ್ನು ಎಷ್ಟು ದಿನ ಮೊದಲು ನಿಲ್ಲಿಸಬಹುದು, ಮತ್ತೆ ಯಾವಾಗ ಶುರು ಮಾಡಬೇಕು? ನಿಲ್ಲಿಸದಿದ್ದರೆ ಗಂಟು ತೆಗೆದ ಜಾಗದಲ್ಲಿ ರಕ್ತ ಹರಿಯಬಹುದು. ಬೇಕಾದ್ದಕ್ಕಿಂತ ಹೆಚ್ಚು ದಿನ ನಿಲ್ಲಿಸಿದರೆ ಹೆಪ್ಪು ಮೆದುಳಿಗೆ ಹೋಗಿ ಪಾರ್ಶ್ವವಾಯು ಹೊಡೆಯಬಹುದು. ಬೇಕಾಗಿರುವ ಉತ್ತರ ಒಂದು ಸಾಲಿನದು. ಬರುವುದು ಫ್ಯಾಕ್ಸಿನಲ್ಲಿ ಹನ್ನೊಂದು ಪುಟ (ಈ ದೇಶ ಚಂದ್ರಲೋಕ ಮುಟ್ಟಿ ಬಂತು, ಇಲ್ಲಿನ ಆಸ್ಪತ್ರೆಗಳು ಮಾತ್ರ ಫ್ಯಾಕ್ಸ್ ಬಿಟ್ಟಿಲ್ಲ). ತಾಯಿ ಸಿಗರೇಟು ಸೇದುವುದಿಲ್ಲ, ಮದ್ಯ ಮುಟ್ಟುವುದಿಲ್ಲ, ಕಾರಿನಲ್ಲಿ ಬೆಲ್ಟ್ ಹಾಕಿಕೊಳ್ಳುತ್ತಾರೆ. ಕಳೆದ ವರ್ಷದ ಎಕೋ ವರದಿ ಪೂರ್ತಿ ಇದೆ, ಅದರ ಹಿಂದಿನ ವರ್ಷದ್ದೂ ಪೂರ್ತಿ ಇದೆ. ಔಷಧಿಗಳ ಪಟ್ಟಿ ಎರಡು ಕಡೆ ಇದೆ, ಒಂದಕ್ಕೊಂದು ತಾಳೆಯಾಗುವುದಿಲ್ಲ. ಕೊನೆಯ ಪುಟದಲ್ಲಿ, ಮೇಲಿನ ಚಿಕಿತ್ಸೆಯನ್ನು ಮುಂದುವರಿಸುವುದು ಎಂದಿದೆ. ಮೇಲಿನ ಯಾವ ಚಿಕಿತ್ಸೆ, ಸ್ವಾಮೀ?

ಇದನ್ನು ಬರೆದವರು ಯಾರು ಎಂದರೆ, ಯಾರೂ ಬರೆದಿಲ್ಲ. ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಹಿಂದಿನ ಭೇಟಿಯ ಬರಹವೆಲ್ಲ ಇಂದಿನ ಪುಟಕ್ಕೆ ಬಂದು ಕೂರುತ್ತದೆ. ಅದರಲ್ಲಿ ಒಂದೆರಡು ಪದ ತಿದ್ದಿ ಸಹಿ ಹಾಕಿದರೆ ಆಯಿತು. ಹಾಗಾಗಿಯೇ ಶಸ್ತ್ರಚಿಕಿತ್ಸೆಯಾದ ವಾರದ ನಂತರವೂ ರೋಗಿಗೆ ಅದು "ಎರಡನೆಯ ದಿನ"ವಾಗಿಯೇ ಉಳಿದಿರುತ್ತದೆ. ಒಂದು ಕಾಲು ಕತ್ತರಿಸಿದವರ ದಾಖಲೆಯಲ್ಲಿ "ಎರಡೂ ಪಾದಗಳ ನಾಡಿ ಸಮನಾಗಿದೆ" ಎಂದಿತ್ತೆಂಬುದು ನಮ್ಮ ವೃತ್ತಿಯಲ್ಲಿ ಹಳೆಯ ಜೋಕು. ನಗುವ ವಿಷಯ ಅಷ್ಟಕ್ಕೇ ಮುಗಿಯುತ್ತದೆ. ಯಾವಾಗಲೋ ಅವಸರದಲ್ಲಿ ಯಾರೋ "ಪೆನಿಸಿಲಿನ್ ಅಲರ್ಜಿ" ಎಂದು ತಪ್ಪಾಗಿ ಬರೆದದ್ದು ಹತ್ತು ಸಲ ನಕಲಾದರೆ, ಹನ್ನೊಂದನೆಯ ವೈದ್ಯನಿಗೆ ಅದು ಹತ್ತು ಸಾಕ್ಷಿಗಳಂತೆ ಕಾಣುತ್ತದೆ. ಪಂಚತಂತ್ರದಲ್ಲಿ ಬ್ರಾಹ್ಮಣನ ಹೆಗಲ ಮೇಲಿನ ಆಡನ್ನು ನಾಯಿ ಎಂದು ನಂಬಿಸಲು ಮೂವರು ಧೂರ್ತರು ಬೇಕಾದರು. ಇಲ್ಲಿ ಒಬ್ಬನೇ ಸಾಕು, ಮತ್ತು ಅವನು ಧೂರ್ತನೂ ಅಲ್ಲ, ಮೂವತ್ತು ಗಂಟೆ ನಿದ್ದೆಗೆಟ್ಟ ರೆಸಿಡೆಂಟ್.

ಇದು ಬರೀ ಗೊಣಗಾಟವಲ್ಲವೆಂದು ತೋರಿಸಲು ಎರಡು ಲೆಕ್ಕ ಕೊಡುತ್ತೇವೆ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 23,630 ದೈನಂದಿನ ಟಿಪ್ಪಣಿಗಳನ್ನು ಅಕ್ಷರ ಅಕ್ಷರವಾಗಿ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ವೈದ್ಯರು ಕೈಯಾರೆ ಟೈಪ್ ಮಾಡಿದ್ದು ಶೇಕಡ 18 ಮಾತ್ರ. ಶೇಕಡ 46 ನಕಲು. ಉಳಿದ 36 ಯಂತ್ರ ತಾನೇ ಎಳೆದು ತಂದದ್ದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಗಳ ದಾಖಲೆಗಳ ಮೇಲೆ 2022ರಲ್ಲಿ ಬಂದ ವರದಿ ಹತ್ತು ಕೋಟಿಗೂ ಹೆಚ್ಚು ಟಿಪ್ಪಣಿಗಳನ್ನು ನೋಡಿತು. ಅಲ್ಲಿನ ಬರಹದಲ್ಲಿ ಸರಿಸುಮಾರು ಅರ್ಧ, ಅದೇ ರೋಗಿಯ ಬಗ್ಗೆ ಹಿಂದೆ ಬರೆದಿದ್ದರ ಪುನರುಕ್ತಿ.

ವೈದ್ಯರೆಲ್ಲ ಸೋಮಾರಿಗಳಾದರೆಂದು ಓದುಗರು ತಿಳಿಯಬಾರದು. ಕಾರಣ ಬೇರೆ ಕಡೆ ಇದೆ. ಲಾರೆನ್ಸ್ ವೀಡ್ ಎಂಬ ವೈದ್ಯರು 1968ರಲ್ಲಿ ರೋಗಿಯ ದಾಖಲೆ ಹೇಗಿರಬೇಕೆಂದು ಬರೆದರು. ಅವರ ಹಾದಿಯಲ್ಲಿ ಬಂದ ಕ್ರಮ ನಾಲ್ಕು ಭಾಗದ್ದು: ರೋಗಿ ಹೇಳಿದ್ದು, ವೈದ್ಯ ಕಂಡದ್ದು, ಅದರಿಂದ ತಿಳಿದದ್ದು, ಮುಂದೆ ಮಾಡುವುದು. ಇಂಗ್ಲಿಷಿನಲ್ಲಿ ಇದರ ಮೊದಲಕ್ಷರಗಳು ಕೂಡಿ "ಸೋಪ್" ಎಂದಾಗುತ್ತದೆ. ಈಗ ಸೋಪು ಕರಗಿ ನೊರೆ ಉಳಿದಿದೆ. ನೊರೆ ಎಬ್ಬಿಸಿದ್ದು ಮೆಡಿಕೇರ್‌ನ 1995 ಮತ್ತು 1997ರ ನಿಯಮಗಳು. ಎಷ್ಟು ಅಂಗಗಳ ಬಗ್ಗೆ ಕೇಳಿದಿರಿ, ಎಷ್ಟು ಅಂಶಗಳನ್ನು ಪರೀಕ್ಷಿಸಿದಿರಿ ಎಂದು ಎಣಿಸಿ ಅದಕ್ಕೆ ತಕ್ಕಂತೆ ಬಿಲ್ಲು. ಊರಿನಲ್ಲಿ ಪರೀಕ್ಷೆ ಬರೆದವರಿಗೆ ಇದು ಹೊಸದೇನಲ್ಲ. ಉತ್ತರ ಗೊತ್ತಿರಲಿ ಬಿಡಲಿ, ನಾಲ್ಕು ಅಡಿಷನಲ್ ಶೀಟ್ ತೆಗೆದುಕೊಂಡು ದಾರ ಕಟ್ಟಿ ಕೊಟ್ಟರೆ ಮೇಷ್ಟ್ರು ಗೇಣು ಹಾಕಿ ಅಂಕ ಕೊಡುತ್ತಾರೆಂದು ನಾವೆಲ್ಲ ನಂಬಿದ್ದೆವು! ಇಲ್ಲಿ ಸರ್ಕಾರವೇ ಗೇಣು ಹಾಕಿತು. ಆಮೇಲೆ 2009ರ ಕಾಯಿದೆ ಕಂಪ್ಯೂಟರ್ ದಾಖಲೆಗೆ ಹಣ ಸುರಿಯಿತು, ನಕಲಿನ ಗುಂಡಿ ಕೈಗೆ ಸಿಕ್ಕಿತು. ಕೋರ್ಟಿನ ಭಯ ಬೇರೆ: ಬರೆಯದೆ ಬಿಟ್ಟರೆ ಮಾಡಿಯೇ ಇಲ್ಲ ಎಂದಾರು.

ಬರೀ ಯಂತ್ರವನ್ನು ಬೈದು ಪ್ರಯೋಜನವಿಲ್ಲ. ಅದೇ ತಂತ್ರಾಂಶವನ್ನು ಬಳಸುವ ಬೇರೆ ದೇಶಗಳ ಟಿಪ್ಪಣಿಗಳಿಗಿಂತ ಅಮೆರಿಕದವು ಸರಾಸರಿ ಸುಮಾರು ನಾಲ್ಕು ಪಟ್ಟು ಉದ್ದವೆಂದು 2018ರ ಒಂದು ಲೇಖನ ತೋರಿಸಿತು. ಕ್ಲಿನಿಕ್ ಭೇಟಿಗಳಿಗೆ 2021ರಲ್ಲಿ, ಆಸ್ಪತ್ರೆಯೊಳಗಿನ ಭೇಟಿಗಳಿಗೆ 2023ರಲ್ಲಿ, ಈ ಎಣಿಕೆಯ ನಿಯಮ ಹೋಯಿತು. ಈಗ ಬಿಲ್ಲು ನಿಂತಿರುವುದು ವೈದ್ಯರ ತೀರ್ಮಾನದ ತೊಡಕಿನ ಮೇಲೆ ಅಥವಾ ಕಳೆದ ಸಮಯದ ಮೇಲೆ. ಆದರೆ ಅಭ್ಯಾಸ ಹೋಗಿಲ್ಲ. ಅತ್ತೆ ತೀರಿಕೊಂಡರೂ ಅತ್ತೆಯ ಶಾಸ್ತ್ರ ಬಿಡದ ಸೊಸೆಯ ಹಾಗೆ ನಡೆದಿದೆ.

ಹಾಗಾದರೆ ಚುಟುಕಾಗಿದ್ದರೆ ಸಾಕೇ? ಅದೂ ಅಲ್ಲ. ನಾವು ಎಂ.ಬಿ.ಬಿ.ಎಸ್. ಓದುವಾಗ ಸರ್ಕಾರಿ ಆಸ್ಪತ್ರೆಯ ಓ.ಪಿ.ಡಿ. ಚೀಟಿಯಲ್ಲಿ ಎರಡು ಸಾಲು ಇರುತ್ತಿತ್ತು, ಅದನ್ನು ಓದಬಲ್ಲವನು ಔಷಧಿ ಅಂಗಡಿಯವನೊಬ್ಬನೇ. ಆ ಮಾತ್ರೆ ಏಕೆ ಕೊಟ್ಟರೆಂದು ಮುಂದಿನ ವೈದ್ಯನಿಗೆ ಆ ದೇವರೇ ಹೇಳಬೇಕು. ಆಮೇಲೆ ಬ್ರೂಕ್ಲಿನ್ನಿನಲ್ಲಿ ರೆಸಿಡೆನ್ಸಿ ಮಾಡುವಾಗ ಇಡೀ ರಾತ್ರಿ ಕೈಯಲ್ಲೇ ಬರೆಯುತ್ತಿದ್ದೆವು. ಕೈ ನೋಯುತ್ತಿದ್ದುದರಿಂದ ಯಾವುದು ಬೇಕು, ಯಾವುದು ಬೇಡ ಎಂದು ತಾನಾಗಿ ಯೋಚಿಸುತ್ತಿದ್ದೆವು. ಇಂದಿನ ರಕ್ತಪರೀಕ್ಷೆಯ ಅಂಕಿಗಳನ್ನು ಯಂತ್ರ ತಂದು ಹಾಕಿದರೆ ನಮ್ಮ ಆಕ್ಷೇಪವಿಲ್ಲ. ಮನುಷ್ಯ ಬರೆದುಕೊಳ್ಳುವುದಕ್ಕಿಂತ ಅದೇ ಮೇಲು. ನಕಲು ಮಾಡಿದ್ದನ್ನು ಮಾಡಿದವನೇ ಓದದೆ ಕಳಿಸುವುದು ನಮ್ಮ ತಕರಾರು. ಓದುವ ಕೆಲಸವನ್ನು ಅವನು ಕೇಳಿದವರ ತಲೆಗೆ ಕಟ್ಟುತ್ತಾನೆ.

ಕನ್ನಡದಲ್ಲಿ ಉತ್ತರ ಕೊಡುವ ಒಳ್ಳೆಯ ಪರಂಪರೆಯೇ ಇತ್ತು. "ಸುಧಾ"ದಲ್ಲಿ ಬೀಚಿಯವರು ಓದುಗರಿಗೆ ಒಂದೆರಡು ಸಾಲಿನಲ್ಲಿ ಉತ್ತರಿಸುತ್ತಿದ್ದುದು ಹಿರಿಯ ಸದಸ್ಯರಿಗೆ ನೆನಪಿರಬಹುದು. ಅದು ತಮಾಷೆಯ ಮಾತಾಯಿತು. ವೈದ್ಯೆಯೂ ಕಾದಂಬರಿಗಾರ್ತಿಯೂ ಆಗಿದ್ದ ಡಾ. ಅನುಪಮಾ ನಿರಂಜನರು ಕೂಡ (ಅವರು ತೀರಿಕೊಂಡದ್ದು 1991ರಲ್ಲಿ) "ದಾಂಪತ್ಯ ದೀಪಿಕೆ", "ತಾಯಿ-ಮಗು" ಬರೆಯುವಾಗ ವೈದ್ಯಕೀಯ ಪಠ್ಯಪುಸ್ತಕವನ್ನು ತಂದು ಸುರಿಯಲಿಲ್ಲ. ಕೇಳಲು ನಾಚುವ ಹೆಣ್ಣುಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು, ಅವರ ಅಡುಗೆಮನೆಯ ಮಾತಿನಲ್ಲಿ ಬರೆದರು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರ ಸಣ್ಣ ಸಣ್ಣ ಪುಸ್ತಕಗಳಲ್ಲೂ ಅದೇ ಗುಣ. ಎದುರಿಗೆ ಒಬ್ಬ ಮನುಷ್ಯ ಕುಳಿತಿದ್ದಾನೆಂಬ ಎಚ್ಚರ ಅವರ ಬರಹಗಳಲ್ಲಿದೆ. ಯಕ್ಷಪ್ರಶ್ನೆಯ ಪ್ರಸಂಗವನ್ನೇ ನೋಡಿ. ತಮ್ಮಂದಿರು ನಾಲ್ವರೂ ಕೊಳದ ದಡದಲ್ಲಿ ಹೆಣವಾಗಿ ಬಿದ್ದಿರುವಾಗ ಧರ್ಮರಾಯ ಕೇಳಿದ್ದಕ್ಕೆ ಕೇಳಿದಷ್ಟೇ ಉತ್ತರ ಕೊಡುತ್ತಾ ಹೋದ. ನಾಲ್ಕು ವೇದವನ್ನೂ ಅಲ್ಲಿ ಒಪ್ಪಿಸಿದ್ದರೆ ಯಕ್ಷನಿಗೇ ಬಾಯಾರಿಕೆಯಾಗುತ್ತಿತ್ತು.

ಈಗ ಇನ್ನೊಂದು ಸೌಕರ್ಯ ಬಂದಿದೆ. ರೋಗಿಗಳು ಕಳಿಸುವ ಪ್ರಶ್ನೆಗಳಿಗೆ ಕೃತಕ ಬುದ್ಧಿಯ ಯಂತ್ರವೇ ಕರಡು ಉತ್ತರ ಬರೆದುಕೊಡುತ್ತದೆ, ವೈದ್ಯರು ನೋಡಿ ಕಳಿಸಬೇಕು. ಸ್ಯಾನ್ ಡಿಯೇಗೋದಲ್ಲಿ ಇದನ್ನು ಪ್ರಯೋಗಿಸಿ ನೋಡಿದ ವರದಿ 2024ರಲ್ಲಿ ಬಂತು. ಉತ್ತರಗಳು ಸುಮಾರು ಶೇಕಡ 18ರಷ್ಟು ಉದ್ದವಾದವು. ಉತ್ತರಿಸಲು ಹಿಡಿಯುವ ಸಮಯ ಕಡಿಮೆಯಾಗಲಿಲ್ಲ. ಮಾತು ಮೃದುವಾಯಿತೆಂದು ಹೇಳುವವರಿದ್ದಾರೆ, ಇರಲಿ. ಆ ತಾಯಿ ಮಾತ್ರೆ ಎಂದು ನಿಲ್ಲಿಸಬೇಕೆಂಬುದು ನಾಲ್ಕನೆಯ ಪ್ಯಾರಾದಲ್ಲಿದ್ದರೆ ಮೃದುತ್ವದಿಂದ ಏನು ಬಂತು?

ಏಪ್ರಿಲ್ 2021ರಿಂದ ಈ ಟಿಪ್ಪಣಿಗಳನ್ನು ರೋಗಿಗಳಿಗೆ ತಡಮಾಡದೆ ತೋರಿಸಬೇಕೆಂಬ ಕೇಂದ್ರ ಸರ್ಕಾರದ ನಿಯಮವಿದೆ. ಸದಸ್ಯರು ಇದನ್ನು ಉಪಯೋಗಿಸಿಕೊಳ್ಳಬೇಕು. ತಂದೆತಾಯಿಯರ ದಾಖಲೆ ಬಂದಾಗ ಮೊದಲ ಪುಟದಿಂದ ಓದಲು ಹೋಗದೆ, ವೈದ್ಯರ ತೀರ್ಮಾನ ಎಂಬ ಭಾಗವನ್ನು ಹುಡುಕಿ. ಅದರಲ್ಲಿ ಇಂದಿನ ಮಾತು ಯಾವುದೆಂದು ಹಿಂದಿನ ಭೇಟಿಯ ಪುಟದ ಪಕ್ಕದಲ್ಲಿಟ್ಟು ನೋಡಿ. ಔಷಧಿಯ ಪಟ್ಟಿ, ಅಲರ್ಜಿ ತಪ್ಪಿದ್ದರೆ ತಿದ್ದಲು ಬರೆದು ಕೇಳುವ ಹಕ್ಕು ನಿಮಗಿದೆ. ಉತ್ತರ ಕಾಣದಿದ್ದರೆ ಫೋನು ಮಾಡಿ, ಸಂಕೋಚಪಡದೆ ಕೇಳಿ: "ಡಾಕ್ಟ್ರೇ, ಅಮ್ಮ ಗುರುವಾರದ ಮಾತ್ರೆ ತೆಗೆದುಕೊಳ್ಳಬೇಕೋ ಬೇಡವೋ?" ಹೇಳಿದ್ದನ್ನು, ಹೇಳಿದವರ ಹೆಸರು ಮತ್ತು ತಾರೀಖಿನೊಡನೆ, ಕ್ಯಾಲೆಂಡರಿನ ಆ ಗುರುವಾರದ ಚೌಕದಲ್ಲಿ ಕನ್ನಡದಲ್ಲೇ ಬರೆದಿಡಿ. ಮಾತ್ರೆ ತೆಗೆದುಕೊಳ್ಳುವವರು ಓದುವುದು ಅದನ್ನೇ.