‘ಡಯನೆಟಿಕ್ಸ್’: ಶಾಸ್ತ್ರವೋ, ಶ್ರದ್ಧೆಯೋ?

1950ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಎಲ್. ರಾನ್ ಹಬ್ಬರ್ಡರ ‘ಡಯನೆಟಿಕ್ಸ್’ ತನ್ನನ್ನು ಮಾನಸಿಕ ಆರೋಗ್ಯದ ಆಧುನಿಕ ವಿಜ್ಞಾನವೆಂದು ಕರೆದುಕೊಂಡಿತು. ಎಚ್ಚರ ತಪ್ಪಿದ ಕ್ಷಣಗಳಲ್ಲಿ ಮನಸ್ಸಿನಲ್ಲಿ ಮುದ್ರಿತವಾದ ನೋವುಗಳೇ ಮನೋರೋಗಗಳಿಗೆ ಮೂಲ, ಪ್ರಶ್ನೋತ್ತರದಿಂದ ಅವನ್ನು ಅಳಿಸಬಹುದು ಎಂಬುದು ಗ್ರಂಥದ ಸಾರ. ಪ್ರತಿಪಾದನೆಯೇನೋ ದಿಟ್ಟವಾಗಿದೆ, ಪರೀಕ್ಷೆಗೆ ನಿಲ್ಲುವ ಪ್ರಮಾಣ ಮಾತ್ರ ಅದರಲ್ಲಿ ದೊರೆಯದು. 1954ರ ವೇಳೆಗೆ ಈ ಚಿಕಿತ್ಸೆಯೇ ಸೈಂಟಾಲಜಿ ಎಂಬ ಮತವಾಗಿ ಬೆಳೆಯಿತು. 1969ರಲ್ಲಿ ಆ ಮತಸಂಸ್ಥೆ ಮನೋವೈದ್ಯ ಥಾಮಸ್ ಸಾಸ್ ಅವರೊಡಗೂಡಿ ಮನೋವೈದ್ಯವನ್ನು ವಿರೋಧಿಸುವ ಆಯೋಗವೊಂದನ್ನು ಸ್ಥಾಪಿಸಿತು. ಬಲಾತ್ಕಾರದ ಚಿಕಿತ್ಸೆಯನ್ನು ಅದು ಖಂಡಿಸಿದ್ದು ನ್ಯಾಯವೇ. ಆದರೆ ವೈದ್ಯನಿಂದ ಕೇಳುವ ಪ್ರಮಾಣವನ್ನು ತನ್ನ ಗುರುವಿನಿಂದ ಕೇಳದ ವಿಮರ್ಶೆ ವಿಮರ್ಶೆಯೆನಿಸದು. ವೈದ್ಯರ ತಪ್ಪನ್ನು ಮುಂದಿನ ವೈದ್ಯರು ತಿದ್ದಬಲ್ಲರು. ಆಪ್ತವಾಕ್ಯವೆನಿಸಿದ ಗ್ರಂಥವನ್ನು ತಿದ್ದುವವರಾರು? ಈ ನಡುವೆ ನೊಂದವನಿಗೆ ದೊರೆಯಬಹುದಾಗಿದ್ದ ಮದ್ದೂ ತಪ್ಪುತ್ತದೆ.