ಶ್ರೇಯಾಂಕದ ತಕ್ಕಡಿ

ಬೇಲೂರು ಮೇಲೋ ಹಳೇಬೀಡು ಮೇಲೋ ಎಂಬ ವಾದವು ಈ ಸೀಮೆಯಲ್ಲಿ ಬಹು ಹಳೆಯದು. ಅದು ತೀರ್ಮಾನವಾಗದೆ ಉಳಿದಿರುವುದೇ ಲೇಸು. 2023ರಲ್ಲಿ ಯುನೆಸ್ಕೋ ಸಂಸ್ಥೆಯು ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅರಸೀಕೆರೆಯ ಈಶ್ವರ ದೇವಾಲಯವು ಅದರಲ್ಲಿಲ್ಲ. ಆದಕಾರಣ ಅದರ ನಕ್ಷತ್ರಾಕಾರದ ಮುಖಮಂಟಪದ ಚೆಲುವು ಕುಂದಿತೆಂದು ಕಣ್ಣುಳ್ಳವರಾರೂ ಹೇಳಲಾರರು. ವಿಶ್ವವಿದ್ಯಾನಿಲಯಗಳ ವಿಷಯದಲ್ಲಿ ಮಾತ್ರ ಜನರಿಗೆ ಈ ಧೈರ್ಯವಿಲ್ಲ.

ಭಾರತ ಸರ್ಕಾರದ ರಾಷ್ಟ್ರೀಯ ಶ್ರೇಯಾಂಕ ಪದ್ಧತಿಯು 2015ರಲ್ಲಿ ರೂಪುಗೊಂಡು, 2016ರಲ್ಲಿ ಮೊದಲ ಪಟ್ಟಿಯನ್ನು ಹೊರಡಿಸಿತು. ನೂರರಲ್ಲಿ ಬೋಧನೆ ಮತ್ತು ಸಾಧನಸಂಪತ್ತಿಗೆ 30, ಸಂಶೋಧನೆಗೆ 30, ಪದವೀಧರರ ಫಲಿತಕ್ಕೆ 20, ಸರ್ವರನ್ನೂ ಒಳಗೊಳ್ಳುವ ಗುಣಕ್ಕೆ 10, ವಿದ್ವಾಂಸರ ಮತ್ತು ಉದ್ಯೋಗದಾತರ ಅಭಿಪ್ರಾಯಕ್ಕೆ 10 ಎಂಬುದು ಅದರ ತೂಕ. 2003ರಲ್ಲಿ ಷಾಂಘೈ ನಗರದಿಂದ ಹೊರಟ ಪಟ್ಟಿಯು ನೊಬೆಲ್ ಬಹುಮಾನಗಳನ್ನು ಎಣಿಸುತ್ತದೆ. ಅದರ ಪಕ್ಕದಲ್ಲಿ ಈ ದೇಶದ್ದು ಉದಾರವೆಂದೇ ಒಪ್ಪಬೇಕು. ಮಗಳನ್ನೋ ಮಗನನ್ನೋ ದೂರದೂರಿಗೆ ಕಳುಹುವ ಗೃಹಸ್ಥನಿಗೆ ಇಂಥ ಲೆಕ್ಕವು ಕೆಲಮಟ್ಟಿಗೆ ಉಪಕಾರಿಯೂ ಹೌದು.

ದೋಷವಿರುವುದು ಸಂಶೋಧನೆಯ ಅಳತೆಯಲ್ಲಿ. ಪ್ರಕಟಣೆಗಳ ಎಣಿಕೆಯು ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ವಿದೇಶೀಯ ಸೂಚಿಗಳನ್ನು ಆಶ್ರಯಿಸಿದೆ; ಅವುಗಳಲ್ಲಿ ಇಂಗ್ಲಿಷಿನದೇ ದೊರೆತನ. ಹಾಸನ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದರು. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯವು ಮುಂದೆ ಆ ಕಾರ್ಯವನ್ನು ಪರಿಷ್ಕರಿಸಿ, ಬೇಲೂರು ಸೀಮೆಗೆ 9ನೆಯ, ಅರಸೀಕೆರೆಗೆ 10ನೆಯ ಸಂಪುಟವನ್ನೇ ಮೀಸಲಿಟ್ಟಿತು. ಬಿಸಿಲಿನಲ್ಲಿ ಕುಳಿತು ಕಲ್ಲಿನಿಂದ ಪಡಿಯಚ್ಚು ತೆಗೆಯಬೇಕು. ಸವೆದ ಒಂದಕ್ಷರಕ್ಕಾಗಿ ಹತ್ತು ಪಾಠಗಳನ್ನು ಒರೆಗೆ ಹಚ್ಚಬೇಕು. ಹೊಯ್ಸಳರ ಚರಿತ್ರೆಯನ್ನು ಬರೆಯುವವನು ಈ ಸಂಪುಟಗಳನ್ನು ಬಿಟ್ಟು ಒಂದು ಹೆಜ್ಜೆಯೂ ಮುಂದಿಡಲಾರನು. ಆದರೂ ಇಂಥ ಗ್ರಂಥವು ಆ ಸೂಚಿಗಳ ಬಲೆಗೆ ಬೀಳುವುದು ಅಪರೂಪ; ಅದನ್ನೇ ಉಪಜೀವಿಸಿ ಬರೆದ ನಾಲ್ಕು ಪುಟದ ಇಂಗ್ಲಿಷ್ ಲೇಖನವಾದರೋ ಸುಖವಾಗಿ ಬೀಳುತ್ತದೆ! 1946ರಲ್ಲಿ ಅದೇ ವಿಶ್ವವಿದ್ಯಾನಿಲಯವು ಹೊರತಂದ ಇಂಗ್ಲಿಷ್–ಕನ್ನಡ ನಿಘಂಟು ಎಷ್ಟೋ ಮನೆಗಳಲ್ಲಿ ಹಾಳೆ ಸವೆಯುವಂತೆ ಬಳಕೆಯಾಯಿತು. ಅಂಥ ಮನೆಗಳ ಅಭಿಪ್ರಾಯಕ್ಕೆ ಕಡೆಯ 10 ಅಂಕಗಳಲ್ಲಿಯೂ ಪಾಲಿಲ್ಲ.

ಹಳೆಯ ಗ್ರಂಥಗಳ ಮಾನಕ್ಕೆ ಇದರಿಂದ ಕೊರತೆಯಿಲ್ಲ. ಕೊರತೆಯು ಮುಂದೆ ಬರೆಯಬೇಕಾದವುಗಳಿಗೆ. ಒಂದು ಸಂಪುಟಕ್ಕೆ ಹತ್ತು ವರ್ಷ ತೆತ್ತರೂ ತನ್ನ ಸಂಸ್ಥೆಗೆ ಅಂಕ ದೊರೆಯದೆಂದು ತಿಳಿದ ತರುಣ ಅಧ್ಯಾಪಕನು ಬೇರೆ ದಾರಿ ಹಿಡಿದರೆ ಅವನನ್ನು ದೂರುವುದು ನ್ಯಾಯವಲ್ಲ.

ದೇಶಭಾಷೆಗಳ ನಿಘಂಟು, ಶಾಸನಸಂಪುಟ, ಸಂಪಾದಿತ ಕಾವ್ಯಗಳನ್ನು ಆಯಾ ಭಾಷೆಯ ವಿದ್ವಾಂಸರಿಂದಲೇ ಓದಿಸಿ ತೂಗಿಸುವುದು ಕಷ್ಟವಾದರೂ ಅಸಾಧ್ಯವಲ್ಲ. ಕನ್ನಡದಲ್ಲಿ ಬರೆದ ಡಾಕ್ಟರೇಟ್ ಪ್ರಬಂಧಗಳನ್ನು ವಿಶ್ವವಿದ್ಯಾನಿಲಯಗಳು ಇಂದಿಗೂ ಹಾಗೆಯೇ ಪರೀಕ್ಷಿಸುತ್ತಿವೆ.